ಟೂ ವೀಲ್ ಡ್ರೈವ್ ಪಿಕಪ್ಪನ್ನು ಫೋರ್ ವೀಲ್ ಡ್ರೈವ್ ಮಾಡಿಸಬಹುದಾ?

ನೀವು ಕೇಳಿದ್ದು ಇಷ್ಟು: ಮೂಡಿಗೆರೆ ಕಡೆ ತೋಟ ಇದೆ. ಟೂ ವೀಲ್ ಡ್ರೈವ್ ಪಿಕಪ್ ಮಳೆಗಾಲದಲ್ಲಿ ಏರು ಹತ್ತುವುದಿಲ್ಲ, ಹೂತುಕೊಳ್ಳುತ್ತದೆ. ಗುಜರಿಯಲ್ಲಿ ಜೀಪಿನ ಮುಂದಿನ ಹೌಸಿಂಗ್ (ಮುಂದಿನ ಎರಡು ಚಕ್ರಗಳಿಗೆ ಎಳೆತ ಕೊಡುವ ಆಕ್ಸಲ್) ಸಿಕ್ಕಿದೆ. ಹಾಕಿಸಲಾ?

ಹಾಕಿಸಬಹುದು. ನಾನು ಹಾಕಿಸಿದ್ದೆ. ಇನ್ನೊಮ್ಮೆ ಮಾತ್ರ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಹೌಸಿಂಗ್ ಸಿಕ್ಕರೆ ಅರ್ಧ ಕೆಲಸ ಆಯಿತು ಅಂತ ನಾನೂ ಅಂದುಕೊಂಡಿದ್ದೆ. ಕಷ್ಟ ಶುರುವಾಗುವುದೇ ಗೇರ್‌ಬಾಕ್ಸ್ ಹಿಂದೆ. ಎಂಜಿನ್ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚಲು ಟ್ರಾನ್ಸ್‌ಫರ್ ಕೇಸ್ ಬೇಕು. ಟೂ ವೀಲ್ ಗೇರ್‌ಬಾಕ್ಸಿಗೆ ಅದು ಸಾಮಾನ್ಯವಾಗಿ ಕೂರುವುದಿಲ್ಲ. ಹಾಗಾಗಿ ಗೇರ್‌ಬಾಕ್ಸೂ ಫೋರ್ ವೀಲ್ ಗಾಡಿಯದ್ದೇ ಬೇಕು. ಆಮೇಲೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಎಳೆತವನ್ನು ಆಕ್ಸಲ್ಲಿಗೆ ಒಯ್ಯುವ ಉದ್ದ ದಂಡ) ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಮುಂದಕ್ಕೆ ಬೇರೆ ಶಾಫ್ಟ್, ಚಾಸಿಗೆ ಹೊಸ ಮೌಂಟಿಂಗ್, ಬ್ರೇಕ್ ಪೈಪು, ಸ್ಟಿಯರಿಂಗ್ ರಾಡು. ಟ್ರಾನ್ಸ್‌ಫರ್ ಕೇಸಿನ ಶಾಫ್ಟ್ ಯಾವ ಬದಿಗೆ ಬರುತ್ತದೋ ಮುಂದಿನ ಡಿಫರೆನ್ಷಿಯಲ್ಲೂ (ಹೌಸಿಂಗಿನೊಳಗೆ ಎರಡು ಚಕ್ರಗಳಿಗೆ ಎಳೆತ ಹಂಚುವ ಗೇರುಗಳು) ಅದೇ ಬದಿಗೆ ಇರಬೇಕು. ಇಲ್ಲದಿದ್ದರೆ ಶಾಫ್ಟ್ ಎಂಜಿನ್ ಕೆಳಗೆ ಅಡ್ಡ ಹಾಯಬೇಕು, ಅಲ್ಲಿ ಎಂಜಿನ್ ಆಯಿಲ್ ಇರುವ ಸಂಪ್ ಇದೆ.

ಇದೆಲ್ಲ ನಿಮ್ಮ ಗಾಡಿಗೆ ಮುಂದೆಯೂ ಕಮಾನ್ ಪಟ್ಟಿ ಇದ್ದರೆ ಮಾತ್ರ. ಒಂದೊಂದು ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುವ ಸಸ್ಪೆನ್ಷನ್ ಇದ್ದರೆ ಮುಂಭಾಗ ಪೂರ್ತಿ ಬಿಚ್ಚಿ ಬೇರೆ ಕಟ್ಟಬೇಕು. ಆ ಆಸೆ ಬಿಡಿ.

ನಾನು ಎಡವಿದ್ದು ಕ್ರೌನ್ ಪಿನಿಯನ್ ಲೆಕ್ಕದಲ್ಲಿ. ಶಾಫ್ಟಿನ ತುದಿಯ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್. ಹಿಂದೆ ಇದ್ದದ್ದು 39ಕ್ಕೆ 8 ಹಲ್ಲು, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಸುಮಾರು 4.88 ಸುತ್ತು. ಗ್ಯಾರೇಜಿನವರು ತಂದ ಮುಂದಿನ ಹೌಸಿಂಗ್ 43ಕ್ಕೆ 8, ಅಂದರೆ 5.38. ನೋಡಲು ಎರಡೂ ಒಂದೇ. ಓಡುವಾಗ ಹಿಂದಿನ ಚಕ್ರ ಹತ್ತು ಸುತ್ತು ಬಂದರೆ ಮುಂದಿನದು ಬರಬೇಕೆನ್ನುವುದು ಒಂಬತ್ತೇ ಸುತ್ತು. ನಡುವೆ ಈ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಇರುವುದಿಲ್ಲ. ಕೆಸರಲ್ಲಿ ಚಕ್ರ ಜಾರಿ ಹೇಗೋ ಸರಿಹೋಗುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಒಂದು ದಿನ ಗೊಬ್ಬರ ತುಂಬಿಕೊಂಡು ಬರುವಾಗ ಫೋರ್ ವೀಲ್ ಲಿವರ್ ತೆಗೆಯದೆ ಟಾರು ರಸ್ತೆಗೆ ಹತ್ತಿಸಿದೆ. ನೂರು ಮಾರು ಹೋಗುವುದರಲ್ಲಿ ಗಾಡಿ ಬಿಗಿಯಿತು. ಲಿವರ್ ಅಲ್ಲಾಡಲಿಲ್ಲ. ಫಟ್ ಅಂತ ಮುಂದಿನ ಶಾಫ್ಟಿನ ಕ್ರಾಸ್ (ತುದಿಯ ಜಾಯಿಂಟ್) ಹೋಯಿತು. ಪುಣ್ಯಕ್ಕೆ ಹೋದದ್ದು ಕ್ರಾಸ್, ಗೇರ್ ಅಲ್ಲ.

ಆದ್ದರಿಂದ ಹಣ ಕೊಡುವ ಮೊದಲು ನೀವೇ ಎಣಿಸಿ. ಕಲ್ಲು ಕೊಟ್ಟು ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಚಕ್ರಕ್ಕೆ ಜಾಕಿ ಕೊಡಿ. ಶಾಫ್ಟಿಗೆ ಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ನಿಮ್ಮ ರೇಷಿಯೋ. ಗುಜರಿ ಹೌಸಿಂಗಿನ ಒಂದು ಹಬ್ ಬಿಗಿ ಹಿಡಿದು ಇನ್ನೊಂದನ್ನು ಹಾಗೇ ತಿರುಗಿಸಿ ನೋಡಿ. ಎರಡೂ ಲೆಕ್ಕ ಒಂದೇ ಬರಬೇಕು. ನಾಲ್ಕೂ ಟೈರ್ ಒಂದೇ ಅಳತೆಯವು ಇರಬೇಕು, ಇಲ್ಲದಿದ್ದರೆ ಇದೇ ತೊಂದರೆ ಟೈರಿನಿಂದಲೂ ಬರುತ್ತದೆ.

ಇನ್ನು ಕಾಗದಪತ್ರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಬಂದಿದೆ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಕೆಳಗೆ ಬಗ್ಗಿ ನೋಡಿದರೆ ಏನು ಹೇಳುತ್ತೀರಿ? ಅಪಘಾತವಾದರೆ ಇನ್ಶೂರೆನ್ಸಿನವರೂ ಬಗ್ಗಿ ನೋಡುತ್ತಾರೆ.

ನನ್ನ ಕೇಳಿದರೆ, ಈ ಮಳೆಗಾಲ ಅಗ್ಗದ್ದನ್ನು ಮಾಡಿ ನೋಡಿ. ಖಾಲಿ ಪಿಕಪ್ಪಿನ ಹಿಂಭಾಗದಲ್ಲಿ ತೂಕವೇ ಇರುವುದಿಲ್ಲ, ಚಕ್ರ ಸುಮ್ನೆ ತಿರುಗುತ್ತದೆ. ನಾಲ್ಕೈದು ಮರಳು ಚೀಲ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಹಾಕಿ, ಜಾರದ ಹಾಗೆ ಕಟ್ಟಿ. ಹಿಂದಕ್ಕೆ ಒಳ್ಳೆಯ ಮಡ್ ಟೈರ್ ಹಾಕಿಸಿ. ಏರಿನ ಬುಡದಲ್ಲಿ ಚೇನ್ ಕಟ್ಟಿ, ಟಾರು ಬಂದ ಕೂಡಲೇ ಬಿಚ್ಚಿ. ರಸ್ತೆಯ ನೀರು ಪಕ್ಕದ ಚರಂಡಿಗೆ ಹೋಗುವ ಹಾಗೆ ಮಾಡಿಸುವುದು ಇದೆಲ್ಲಕ್ಕಿಂತ ಜಾಸ್ತಿ ಉಪಯೋಗ. ನಮ್ಮ ತೋಟದಲ್ಲಿ ಎರಡು ಏರು ಹಾಗೇ ಸರಿಹೋದವು.

ಅದಕ್ಕೂ ಜಗ್ಗದಿದ್ದರೆ ಇದನ್ನು ಮಾರಿ, ಕಂಪನಿಯಿಂದಲೇ ಫೋರ್ ವೀಲ್ ಆಗಿ ಬಂದ ಹಳೆ ಬೊಲೆರೊ ಕ್ಯಾಂಪರ್ ಹುಡುಕಿ. ನಾನು ಕೊನೆಗೆ ಮಾಡಿದ್ದು ಅದನ್ನೇ, ಲಕ್ಷದ ಮೇಲೆ ಕಳೆದುಕೊಂಡ ಮೇಲೆ. ಆ ಹೌಸಿಂಗ್ ಇನ್ನೂ ಕೊಟ್ಟಿಗೆ ಹಿಂದೆ ಬಿದ್ದಿದೆ. ನಿಮ್ಮ ಲೆಕ್ಕ 5.38 ಬಂದರೆ ಹೇಳಿ, ಸುಮ್ನೆ ಕೊಡುತ್ತೇನೆ.