ಹೂವು ಬೇಕಾದಷ್ಟು, ಕಾಯಿ ಮಾತ್ರ ನಿಲ್ಲುತ್ತಿಲ್ಲ: ಬೇಸಿಗೆ ತೋಟದ ಪ್ರಶ್ನೆಗಳು

ತಾರಸಿಯಲ್ಲಿ ಹೀರೆ ಬಳ್ಳಿ ಹಬ್ಬಿಸಿದ್ದೇನೆ. ಹೂವು ಧಾರಾಳವಾಗಿ ಬಿಡುತ್ತದೆ. ಆದರೆ ಬೆರಳುದ್ದದ ಕಾಯಿ ಹಳದಿಯಾಗಿ ಉದುರಿ ಹೋಗುತ್ತದೆ. ಗೊಬ್ಬರ ತಪ್ಪಿಸಿಲ್ಲ. ಇನ್ನೇನು ಹಾಕಬೇಕು ಮೇಡಂ? – ಓದುಗರು, ದಾವಣಗೆರೆ

ಏನೂ ಹಾಕಬೇಡಿ. ಗೊಬ್ಬರವನ್ನೂ ಸ್ವಲ್ಪ ದಿನ ನಿಲ್ಲಿಸಿ. ನಿಮ್ಮ ಬಳ್ಳಿಗೆ ಊಟದ ಕೊರತೆ ಇದ್ದಂತಿಲ್ಲ, ಪರಾಗಸ್ಪರ್ಶದ ಕೊರತೆ ಇದೆ.

ಸಂಜೆ ಐದೂವರೆ ಆರರ ಹೊತ್ತಿಗೆ ಬಳ್ಳಿಯ ಹತ್ತಿರ ಹೋಗಿ ನಿಂತು ನೋಡಿ. ಹೀರೆ ಹೂವು ಅರಳುವುದೇ ಆಗ. ಒಂದೇ ಎಲೆಯ ಬುಡದಲ್ಲಿ ಎರಡು ಬಗೆ ಮೊಗ್ಗು ಕಾಣುತ್ತದೆ. ಉದ್ದ ತೊಟ್ಟಿನ ಗೊಂಚಲಲ್ಲಿ ಇರುವವು ಗಂಡು ಹೂವು. ಒಂಟಿಯಾಗಿ, ಹಿಂದೆ ಪುಟ್ಟ ಹೀರೆಕಾಯಿಯನ್ನೇ ಹೊತ್ತುಕೊಂಡಿರುವುದು ಹೆಣ್ಣು. ಆ ಪುಟ್ಟ ಕಾಯಿ ಹೂವು ಅರಳುವ ಮೊದಲೇ ಇರುತ್ತದೆ. ಹಾಗಾಗಿ ಕಾಯಿ ಕಚ್ಚಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಪರಾಗ ಬೀಳದಿದ್ದರೆ ಎರಡು ಮೂರು ದಿನದಲ್ಲಿ ಅದು ತುದಿಯಿಂದ ಹಳದಿಯಾಗಿ ಬಾಡುತ್ತದೆ.

ಹೊಸದಾಗಿ ಅರಳಿದ ಗಂಡು ಹೂವೊಂದನ್ನು ಕಿತ್ತು, ಎಸಳನ್ನು ಹಿಂದಕ್ಕೆ ಮಡಚಿ. ಹಳದಿ ಪುಡಿ ಬೆರಳಿಗೆ ಅಂಟಬೇಕು. ಅದನ್ನು ಹೆಣ್ಣು ಹೂವಿನ ನಡುವಿನ ಅಂಟಂಟಾದ ಭಾಗಕ್ಕೆ ಮೆಲ್ಲಗೆ ಸವರಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು. ಸೋರೆಯೂ ಸಂಜೆಯೇ ಅರಳುತ್ತದೆ, ಅದಕ್ಕೂ ಹೀಗೇ ಮಾಡಿ. ಕುಂಬಳ, ಹಾಗಲ, ಸೌತೆಗೆ ಬೆಳಗ್ಗೆ ಮಾಡಬೇಕು. ಕುಂಬಳದ ಹೂವಂತೂ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಂಡುಬಿಡುತ್ತದೆ.

ಬರೀ ಗಂಡು ಹೂವೇ ಜಾಸ್ತಿ ಇದ್ದರೆ ಗಾಬರಿಯಾಗಬೇಡಿ. ಮೊದಮೊದಲು ಬರುವವು ಅವೇ. ಬಿಸಿಲು ಹೆಚ್ಚಾದಾಗ, ಸಾರಜನಕದ ಗೊಬ್ಬರ ಅತಿಯಾದಾಗಲೂ ಗಂಡು ಹೂವು ಹೆಚ್ಚುತ್ತದೆ. ಗೊಬ್ಬರ ನಿಲ್ಲಿಸಿ ಅಂದಿದ್ದು ಅದಕ್ಕೇ.

ಉದುರಿದ ಒಂದು ಕಾಯಿಯನ್ನು ಸೀಳಿಯೂ ನೋಡಿ. ಮೇಲೆ ಸೂಜಿ ಚುಚ್ಚಿದಂಥ ಗುರುತು, ಅಂಟು ಒಸರಿದ ಕಲೆ, ಒಳಗೆ ಬಿಳಿ ಹುಳು ಇದ್ದರೆ ಅದು ಹಣ್ಣುನೊಣದ ಕೆಲಸ. ಅಂಥ ಕಾಯಿಯನ್ನು ಬುಡದಲ್ಲೇ ಬಿಡಬೇಡಿ, ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಆರಿಸಿ ನಾಶ ಮಾಡಿ. ಬಳ್ಳಿ ತರಕಾರಿಯ ನೊಣಕ್ಕೆಂದೇ ಸಿಗುವ ಮೋಹಕ ಬಲೆ (ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವಂಥದ್ದು) ತೂಗುಹಾಕಿ.

ಪಕ್ಕದ ಮನೆಯಲ್ಲಿ ಜೇನು ಪೆಟ್ಟಿಗೆ ಇದೆ. ಆದರೂ ನಮ್ಮ ಕುಂಡದ ಟೊಮೆಟೊ, ಬದನೆ ಹೂವು ಸುಮ್ನೆ ಉದುರುತ್ತದೆ. ಜೇನು ಅದರ ಕಡೆ ತಿರುಗಿಯೂ ನೋಡುವುದಿಲ್ಲ. – ಓದುಗರು, ಬಳ್ಳಾರಿ

ಪೆಟ್ಟಿಗೆ ಜೇನಿಂದ ಈ ಕೆಲಸ ಆಗುವುದಿಲ್ಲ. ಟೊಮೆಟೊ, ಬದನೆಯ ಪರಾಗ ಹೂವಿನ ನಡುವಿನ ಹಳದಿ ಕೊಳವೆಗಳ ಒಳಗೆ ಇರುತ್ತದೆ. ಹೂವನ್ನು ಜೋರಾಗಿ ನಡುಗಿಸಿದರೆ ಮಾತ್ರ ಚೆನ್ನಾಗಿ ಉದುರುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂಟಿ ಜೇನು ಮತ್ತು ಮರ ಕೊರೆಯುವ ಕಪ್ಪು ದುಂಬಿ ಇದರಲ್ಲಿ ನಿಪುಣರು. ಹೂವನ್ನು ಕಾಲಲ್ಲಿ ಹಿಡಿದು ಝುಂಯ್ ಅಂತ ಸದ್ದು ಮಾಡುತ್ತವೆ, ಪುಡಿ ಮೈಮೇಲೆ ಸುರಿಯುತ್ತದೆ. ನೀಲಿ ಪಟ್ಟೆ ಜೇನು ಮಣ್ಣಲ್ಲಿ, ಮಣ್ಣಿನ ಗೋಡೆಯಲ್ಲಿ ಗೂಡು ಮಾಡುತ್ತದೆ. ಕಪ್ಪು ದುಂಬಿಗೆ ಒಣ ಮರ, ಬಿದಿರು ಬೇಕು. ಹಳೆ ಬಿದಿರಿನ ಗಳ ಇದ್ದರೆ ಎಸೆಯದೆ ಮೂಲೆಯಲ್ಲಿ ಇರಲಿ.

ಅವು ಬರುವವರೆಗೆ, ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಹೂ ಗೊಂಚಲಿನ ಹಿಂಭಾಗಕ್ಕೆ ಬೆರಳಿಂದ ಟಕ್ ಟಕ್ ಅಂತ ತಟ್ಟಿ. ಆದರೆ ನಿಮ್ಮೂರಿನ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. 35 ಡಿಗ್ರಿ ದಾಟಿದರೆ ಟೊಮೆಟೊ ಪರಾಗದ ಕಸುವು ಕುಗ್ಗುತ್ತದೆ, ಎಷ್ಟು ತಟ್ಟಿದರೂ ಕಾಯಿ ಕಟ್ಟುವುದು ಕಡಿಮೆ. ಮಧ್ಯಾಹ್ನದ ಬಿಸಿಲಿಗೆ ಶೇ 50ರ ನೆರಳು ಪರದೆ ಕಟ್ಟಿ, ಬುಡಕ್ಕೆ ತರಗೆಲೆ ಹೊದಿಸಿ.

ಐದಾರು ಕುಂಡ ಇಡುವಷ್ಟು ಬಾಲ್ಕನಿ ಇದೆ. ಜೇನು, ಚಿಟ್ಟೆ ಬರಲು ಏನು ಬೆಳೆಸಲಿ? ನೀಮ್ ಎಣ್ಣೆ ಹೊಡೆಯಬಹುದಾ? – ಓದುಗರು, ಬೆಂಗಳೂರು

ಒಂದೇ ಗಿಡ ಹೇಳಿ ಅಂದರೆ ನಾನು ಕಾಮಕಸ್ತೂರಿ ಅನ್ನುತ್ತೇನೆ. ಸರಿಯಾಗಿ ನೀರು ಕೊಟ್ಟರೆ ಬೇಸಿಗೆಯಲ್ಲೂ ಹೂ ಬಿಡುತ್ತದೆ. ತುಡುವೆ, ಕೋಲುಜೇನು, ಮಿಸರಿ – ಈ ಬಗೆಯ ಜೇನುಗಳೆಲ್ಲವೂ ಇದಕ್ಕೆ ಬರುತ್ತವೆ. ಜೊತೆಗೆ ತುಳಸಿ, ಟೇಬಲ್ ರೋಸ್, ಜೀನಿಯಾ ಇರಲಿ. ಬಲಿತ ಕೊತ್ತಂಬರಿ, ಸಬ್ಬಸಿಗೆಯನ್ನು ಕೀಳದೆ ಹೂವಿಗೆ ಬಿಡಿ. ಸುತ್ತುಸುತ್ತಾಗಿ ಎಸಳು ತುಂಬಿರುವ ಹೂವನ್ನು ನರ್ಸರಿಯವರು ಮುಂದೆ ಇಟ್ಟಿರುತ್ತಾರೆ. ನೋಡಲು ಚೆಂದ, ಆದರೆ ಅವುಗಳಲ್ಲಿ ಜೇನಿಗೆ ಸಿಗುವುದು ಕಡಿಮೆ. ಒಂಟಿ ಸುತ್ತಿನ ಹೂವು ಆರಿಸಿ. ಒಂದೇ ಜಾತಿಯ ಕುಂಡಗಳನ್ನು ಒಟ್ಟಿಗೆ ಇಟ್ಟರೆ ಜೇನಿನ ಕಣ್ಣಿಗೆ ಬೇಗ ಬೀಳುತ್ತವೆ.

ಚಿಟ್ಟೆ ಬೇಕು ಅಂದರೆ ಕರಿಬೇವಿನ ಕೆಲವು ಎಲೆ ಬಿಟ್ಟುಕೊಡಬೇಕು. ಅದರ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ಇರುತ್ತದಲ್ಲ, ದೊಡ್ಡದಾದ ಮೇಲೆ ಹಸಿರಾಗುತ್ತದೆ. ದಯವಿಟ್ಟು ಅದನ್ನು ಹೊಸಕಬೇಡಿ. ಅದೇ ಮುಂದೆ ಚಿಟ್ಟೆಯಾಗುವುದು.

ನೀಮ್ ಎಣ್ಣೆ ಹೊಡೆಯಬಹುದು, ಆದರೆ ಎಲೆಯಡಿಗೆ ಮಾತ್ರ, ಜೇನು ಹಾರಾಟ ನಿಂತ ಮೇಲೆ. ಹೀರೆ, ಸೋರೆ ಇದ್ದವರು ಎಚ್ಚರ: ನೀವು ಸಿಂಪಡಿಸುವ ಸಂಜೆಯೇ ಅವುಗಳ ಹೂವಿನ ಹೊತ್ತು. ಹೂವಿಗೆ ತಾಗದಂತೆ ನೋಡಿಕೊಳ್ಳಿ. ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಗಿಡದ ರಸದಲ್ಲಿ ಸೇರಿ ಮಕರಂದ, ಪರಾಗಕ್ಕೂ ಹೋಗುತ್ತದೆ. ಮನೆ ತೋಟಕ್ಕೆ ಅದು ಖಂಡಿತ ಬೇಡ.

ನಲ್ಲಿ ಹತ್ತಿರ ಜೇನು ಮುತ್ತಿಕೊಳ್ಳುತ್ತಿವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. – ಓದುಗರು, ಹಾವೇರಿ

ಗೂಡು ತಂಪಾಗಿಡಲು ಅವಕ್ಕೆ ನೀರು ಬೇಕು. ಸೋರುವ ನಲ್ಲಿ ರಿಪೇರಿ ಮಾಡಿಸಿ. ದೂರದಲ್ಲಿ ಮಣ್ಣಿನ ತಟ್ಟೆಯೊಂದರಲ್ಲಿ ಬೆಣಚುಕಲ್ಲು ತುಂಬಿ, ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿ. ಬರೀ ನೀರಿದ್ದರೆ ಮುಳುಗಿ ಸಾಯುತ್ತವೆ. ದಿನಾ ನೀರು ಬದಲಿಸಿ, ತಟ್ಟೆಯ ಜಾಗ ಬದಲಿಸಬೇಡಿ. ಕೆಲವು ದಿನದಲ್ಲಿ ಅಲ್ಲಿಗೇ ರೂಢಿಯಾಗುತ್ತವೆ.