ಮಣೆಯ ಮೇಲೆ ಮೂರು ತಾಸು

ಕುಮಟಾದ ಓದುಗರೊಬ್ಬರು ಬರೆದಿದ್ದಾರೆ: ಬರುವ ಶ್ರಾವಣದಲ್ಲಿ ಶಿರಸಿ ಬಳಿಯ ಗಂಡನ ಮೂಲಮನೆಯಲ್ಲಿ ಗಣಹೋಮ ಮತ್ತು ಸತ್ಯನಾರಾಯಣ ಪೂಜೆ. ಮಣೆಯ ಮೇಲೆ ಕೂರುವವರು ನಾವಿಬ್ಬರೇ. ಯಜಮಾನರಿಗೆ ಪಂಚೆ ಉಟ್ಟು ರೂಢಿಯಿಲ್ಲ, ಜೊತೆಗೆ ಮೊಣಕಾಲು ನೋವು. ಅತ್ತೆಯವರು ಮದುವೆಯ ಜರಿ ಸೀರೆಯನ್ನೇ ಉಡು ಎನ್ನುತ್ತಾರೆ. ಒಂಬತ್ತು ವರ್ಷದ ಮಗಳು ಚೂಡಿದಾರ ಬಿಟ್ಟು ಬೇರೇನೂ ಒಲ್ಲೆ ಎನ್ನುತ್ತಾಳೆ. ಸಂಪ್ರದಾಯವೂ ಕೆಡದೆ, ಉಸಿರೂ ಕಟ್ಟದೆ ಏನು ಉಡೋಣ?

ಸಂಪಾದಕರ ಉತ್ತರ:

ಸಹೋದರಿ, ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ಎಡಗೈ ಮೇಲಿನ ಕಲೆಯನ್ನು ಒಮ್ಮೆ ಸವರಿಕೊಂಡೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಗಣಹೋಮದಲ್ಲಿ ನಾನೇ ಕರ್ತೃ. ಅಂಗಡಿಯವರು ರೇಷ್ಮೆ ಎಂದು ಕೊಟ್ಟಿದ್ದ ಹೊಸ ಶಲ್ಯ ಹೆಗಲ ಮೇಲಿತ್ತು. ತುಪ್ಪ ಬಿಡಲು ಬಗ್ಗಿದಾಗ ಅದರ ತುದಿ ಜಾರಿ ಕುಂಡದ ಅಂಚಿಗೆ ತಾಗಿತು. ಬೆಂಕಿ ಹತ್ತಿದ್ದೇ ಕಾಣಲಿಲ್ಲ. ಬಟ್ಟೆ ಮುದುಡಿ, ಕರಗಿ, ಒಂದು ಹನಿ ಕೈಗೆ ಅಂಟಿಕೊಂಡಿತು. ಭಟ್ಟರು ಮಂತ್ರ ನಿಲ್ಲಿಸದೆ ಕಣ್ಣಲ್ಲೇ ನೀರಿನ ಕಡೆ ತೋರಿಸಿದರು. ಆಮೇಲೆ ನೋಡಿದರೆ ತೂತಿನ ಸುತ್ತ ಸಾಸಿವೆ ಕಾಳಿನಂಥ ಕಪ್ಪು ಗಟ್ಟಿ ಗುಂಡುಗಳು. ಅಪ್ಪಟ ಪಾಲಿಯೆಸ್ಟರ್!

ಆದ್ದರಿಂದ ಬಣ್ಣ, ಅಂಚುಗಳ ಮಾತು ಆಮೇಲೆ. ಹೋಮಕ್ಕೆ ಉಡುವ ಬಟ್ಟೆಯ ಒಂದೆರಡು ಎಳೆಗಳನ್ನು ತುದಿಯಿಂದ ಕಿತ್ತು ದೀಪಕ್ಕೆ ಹಿಡಿಯಿರಿ. ಅಸಲಿ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗುಂಡಾಗುತ್ತದೆ. ‘ಆರ್ಟ್ ಸಿಲ್ಕ್’ ಹೆಸರಿನ ರೇಯಾನ್ ಕಾಗದದಂತೆ ಭಗ್ಗನೆ ಉರಿಯುತ್ತದೆ. ಹೊಸದಾಗಿ ಕೊಳ್ಳುವುದಾದರೆ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಹತ್ತಿಗೂ ಬೆಂಕಿ ಹತ್ತುತ್ತದೆ, ನಿಜ. ಆದರೆ ಕರಗಿ ಮೈಗಂಟುವುದಿಲ್ಲ.

ಇನ್ನು ಯಜಮಾನರ ಪಂಚೆ. ಮನೆಯಲ್ಲಿ ಸುತ್ತಿಕೊಳ್ಳುವ ನಾಲ್ಕು ಮೊಳದ ಪಂಚೆ ಇಲ್ಲಿ ಸಾಲದು. ಕಚ್ಚೆಗೆ ಎಂಟು ಮೊಳ, ಅಂದರೆ ಸುಮಾರು 3.6 ಮೀಟರ್ ಬೇಕು. ಆಳು ದಪ್ಪಗಿದ್ದರೆ ಒಂಬತ್ತು ಮೊಳದ್ದನ್ನೇ ಕೇಳಿ. ಕಚ್ಚೆ ಎಂದರೆ ಹೆದರುತ್ತಾರೆ, ಆದರೆ ಹೊಸಬರಿಗೆ ಅದೇ ಸಲೀಸು. ಚಕ್ಕಳಬಟ್ಟಲು ಹಾಕಿದಾಗ ತೊಡೆ ಮುಚ್ಚಿರುತ್ತದೆ, ಪೂರ್ಣಾಹುತಿಗೆ ದಡಬಡನೆ ಎದ್ದರೂ ಕಾಲಿಗೆ ತೊಡರುವುದಿಲ್ಲ. ಹೊಸ ಹತ್ತಿ ಪಂಚೆಯನ್ನು ಒಮ್ಮೆ ನೀರಿಗೆ ಹಾಕಿ ಗಂಜಿ ಬಿಡಿಸಿ. ಇಲ್ಲದಿದ್ದರೆ ಗಂಟು ನಿಲ್ಲುವುದಿಲ್ಲ. ಚರ್ಮದ ಬೆಲ್ಟ್ ಬೇಡ. ಬಡಿಸುವವರು ಮಾಡುವಂತೆ ಹತ್ತಿಯ ಶಾಲೊಂದನ್ನು ಸೊಂಟಕ್ಕೆ ಬಿಗಿದರೆ ಸಾಕು. ಉಟ್ಟದ್ದೊಂದು, ಹೊದ್ದದ್ದೊಂದು ಎಂಬಂತೆ ಎರಡು ವಸ್ತ್ರವಿರಬೇಕೆಂದು ವೈದಿಕರು ಹೇಳುತ್ತಾರೆ, ಹಾಗಾಗಿ ಶಲ್ಯ ಬಿಡುವಂತಿಲ್ಲ. ತುದಿಯನ್ನು ಮಾತ್ರ ಸಿಕ್ಕಿಸಿಕೊಳ್ಳಲಿ. ಹೊಲಿದ, ಎಲಾಸ್ಟಿಕ್ ಇರುವ ಸಿದ್ಧ ಕಚ್ಚೆಯ ಬಗ್ಗೆ ನಿಮ್ಮ ಮನೆಯ ಭಟ್ಟರನ್ನು ಮೊದಲೇ ಕೇಳಿ. ಕೆಲವರು ನಗುತ್ತಾ ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಮೊಣಕಾಲಿಗೆ ಬಟ್ಟೆಯಿಂದ ಉಪಾಯವಿಲ್ಲ. ಎತ್ತರದ ಮಣೆ ಕೇಳಿ, ನಾಚಿಕೆ ಬೇಡ. ಮುಂಚಿತವಾಗಿ ಎರಡು ದಿನ ಸಂಜೆ ಅದೇ ಪಂಚೆ ಉಟ್ಟು ನೆಲದಲ್ಲಿ ಕೂತು ಎದ್ದು ಮಾಡಲಿ. ನಗಲು ನೀವಂತೂ ಇದ್ದೀರಿ.

ನಿಮ್ಮ ಸೀರೆಯ ವಿಷಯದಲ್ಲಿ ಅತ್ತೆಯವರ ಮನಸ್ಸು ನೋಯಿಸುವ ಅಗತ್ಯವಿಲ್ಲ, ಅವರ ಅಸ್ತ್ರವನ್ನೇ ಬಳಸಿ. ಮಡಿ ಎಂದರೆ ಮಿಂದು ಉಡುವ ಶುದ್ಧ ಬಟ್ಟೆ, ತೂಕದ ಬಟ್ಟೆಯಲ್ಲ. ಅವರ ಕಾಲದಲ್ಲಿ ಒಳಮನೆಯ ಬಿದಿರಿನ ಗಳದ ಮೇಲೆ ಯಾರೂ ಮುಟ್ಟದಂತೆ ಕೋಲಿನಿಂದ ಹರವುತ್ತಿದ್ದ ಮಡಿಬಟ್ಟೆಗೆ ಜರಿ ಎಲ್ಲಿತ್ತು? ಜರಿ ಸೀರೆಯನ್ನು ಸಂಜೆಯ ಆರತಿಗೆ ಉಡುತ್ತೇನೆ ಎನ್ನಿ. ಬೆಳಿಗ್ಗೆಗೆ ಹಗುರ ಮೈಸೂರು ರೇಷ್ಮೆ ಅಥವಾ ಇಳಕಲ್ ಒಳ್ಳೆಯದು. ಇಳಕಲ್ ಸೆರಗಿಗೆ ಈಗ ಕೃತಕ ರೇಷ್ಮೆಯೂ ಬರುತ್ತದೆ, ಎಳೆ ಸುಟ್ಟು ನೋಡುವುದನ್ನು ಮರೆಯಬೇಡಿ. ನೆರಿಗೆ ಪಾದಕ್ಕಿಂತ ಎರಡು ಬೆರಳು ಮೇಲಿರಲಿ, ಸೆರಗು ಸೊಂಟದಲ್ಲಿರಲಿ. ಒಳಲಂಗ ಸ್ಯಾಟಿನ್ ಬೇಡ, ಹತ್ತಿಯದು. ಹಳೆಯ ರವಿಕೆಯಾದರೆ ಎರಡೂ ಕೈ ಮೇಲೆತ್ತಿ ನೋಡಿ. ಹೊಲಿಗೆ ಬಿಡುವುದಾದರೆ ಮನೆಯಲ್ಲೇ ಬಿಡಲಿ.

ಕುಮಟಾದ ಸೆಕೆಯ ಲೆಕ್ಕ ಹಿಡಿದು ಹೊರಡಬೇಡಿ. ದೇವಿಮನೆ ಘಟ್ಟ ಹತ್ತಿದ ಮೇಲೆ ಶ್ರಾವಣದ ಮಳೆಗೆ ಒಗೆದ ಪಂಚೆ ಎರಡು ಮೂರು ದಿನವಾದರೂ ಒಣಗುವುದಿಲ್ಲ, ಬಚ್ಚಲೊಲೆಯ ಹತ್ತಿರ ಹಾಕಿದರೆ ಹೊಗೆ ವಾಸನೆ. ಒಗೆದು ಒಣಗಿಸಿದ್ದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ, ಒಂದು ಜೊತೆ ಹೆಚ್ಚಿಗೆ. ಪೆಟ್ಟಿಗೆಯಲ್ಲಿದ್ದ ರೇಷ್ಮೆಯನ್ನು ವಾರ ಮೊದಲೇ ನೆರಳಲ್ಲಿ ಹರವಿ, ಬೂಷ್ಟು ಹಿಡಿದಿದ್ದರೆ ಆಗಲೇ ಗೊತ್ತಾಗುತ್ತದೆ.

ಮಗಳು ಮಣೆಯ ಮೇಲೆ ಕೂರುವವಳಲ್ಲ. ಹತ್ತಿಯ ಚೂಡಿದಾರ ಹಾಕಿಕೊಂಡು ಹೂ ಕೊಯ್ದು ತರಲಿ, ದುಪಟ್ಟಾ ಒಂದು ಬೇಡ. ಅಜ್ಜಿ ತಾವಾಗಿ ಲಂಗ ಹೊಲಿಸಿಟ್ಟಿದ್ದರೆ ಅವಳು ಊಟದ ಹೊತ್ತಿಗೆ ಬದಲಿಸಿಯಾಳು. ದಾರ ಮಾತ್ರ ನೀವೇ ಕಟ್ಟಿ. ಅಜ್ಜಿಯಂದಿರು ಹಾಕುವ ಗಂಟು ಪಾಯಸದ ಹೊತ್ತಿಗೆ ಯಾರಿಗೂ ಬಿಚ್ಚಲು ಬರುವುದಿಲ್ಲ.