ನೀವು ಕೇಳಿದ್ದೀರಿ: ಕಂಡಕ್ಟರ್‌ನ ಕೋಲು (ಬ್ಯಾಟನ್) ಹಿಡಿಯುವ ಮೊದಲು ಸವಾಲಿಷ್ ಏನು ಮಾಡುತ್ತಿದ್ದರು?

ಪ್ರಶ್ನೆ: ವುಲ್ಫ್‌ಗಾಂಗ್ ಸವಾಲಿಷ್ ನಡೆಸಿದ, ಜರ್ಮನ್ ಸಂಯೋಜಕ ಶೂಮನ್ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿಗಳನ್ನು, ಅಂದರೆ ಸಿಂಫನಿಗಳನ್ನು, ಈಚೆಗೆ ಕೇಳಿದೆ, ತುಂಬಾ ಹಿಡಿಸಿತು. ಯಾರು ಇವರು? ಹೇಗೆ ಮೇಲೆ ಬಂದರು? ಆರ್ಕೆಸ್ಟ್ರಾ ನಡೆಸುವ ದೊಡ್ಡ ಕಂಡಕ್ಟರ್‌ಗಳ ಮಾತು ಬಂದಾಗ ಕರಾಯನ್, ಬರ್ನ್‌ಸ್ಟೈನ್ ಅಂತಾರೆಯೇ ಹೊರತು ಇವರ ಹೆಸರು ಯಾರೂ ಎತ್ತುವುದಿಲ್ಲವಲ್ಲ.

ಉತ್ತರ: ಸರಿಯಾದ ಕಡೆಯಿಂದಲೇ ಶುರು ಮಾಡಿದ್ದೀರಿ. ಸವಾಲಿಷ್ ಹುಟ್ಟಿದ್ದು 1923ರಲ್ಲಿ, ಮ್ಯೂನಿಕ್‌ನಲ್ಲಿ. ಐದನೇ ವಯಸ್ಸಿಗೇ ಪಿಯಾನೊ ಕಲಿಕೆ. ನಡುವೆ ಯುದ್ಧ ಬಂತು, ಸೈನ್ಯಕ್ಕೆ ಹೋಗಬೇಕಾಯಿತು, ಇಟಲಿಯಲ್ಲಿ ಸೆರೆಯಾಳಾದರು. ವಾಪಸ್ ಬಂದು ಓದು ಮುಗಿಸಿ 1947ರಲ್ಲಿ ಆಗ್ಸ್‌ಬರ್ಗ್ ಊರಿನ ಒಪೆರಾ ಹೌಸ್‌ಗೆ ಸೇರಿಕೊಂಡರು. ಒಪೆರಾ ಅಂದರೆ ಆರ್ಕೆಸ್ಟ್ರಾ ಜೊತೆ ಹಾಡುತ್ತಲೇ ಆಡುವ ನಾಟಕ. ಸೇರಿದ್ದು ರಿಹರ್ಸಲ್ ಕೋಣೆಯ ಪಿಯಾನೊ ಕೆಲಸಕ್ಕೆ. ಜರ್ಮನಿಯಲ್ಲಿ ಈ ಕೆಲಸದವರನ್ನು ಕೊರೆಪೆಟಿಟರ್ ಅಂತಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅವರ ಮುಂದಿನ ಐವತ್ತು ವರ್ಷ ನಿಂತಿರುವುದೇ ಇದರ ಮೇಲೆ. ಒಪೆರಾ ಗಾಯಕರು ಮೊದಲ ದಿನದಿಂದಲೇ ಆರ್ಕೆಸ್ಟ್ರಾ ಜೊತೆ ಹಾಡುವುದಿಲ್ಲ, ಅಷ್ಟು ಜನರನ್ನು ಸುಮ್ನೆ ಕೂರಿಸಿಕೊಳ್ಳಲು ಆಗುತ್ತದೆಯೇ? ವಾರಗಟ್ಟಲೆ ಒಂದು ಚಿಕ್ಕ ಕೋಣೆಯಲ್ಲಿ, ಒಂದು ಪಿಯಾನೊ ಮುಂದೆ ಅಭ್ಯಾಸ ನಡೆಯುತ್ತದೆ. ಪಿಯಾನೊ ನುಡಿಸುವವನು ಇಡೀ ಆರ್ಕೆಸ್ಟ್ರಾದ ಪಾಲನ್ನು ಎರಡು ಕೈಯಲ್ಲಿ ಕೊಡಬೇಕು. ಎದುರಿಗಿಲ್ಲದ ಪಾತ್ರದ ಸಾಲನ್ನು ತಾನೇ ಹಾಡಿಬಿಡಬೇಕು, ಧ್ವನಿ ಹೇಗಿದ್ದರೂ ಸರಿ. ಗಾಯಕಿ ಅರ್ಧ ಮಾತ್ರೆ ಬೇಗ ಬಂದರೆ ನುಡಿಸುತ್ತಲೇ ಹಿಡಿಯಬೇಕು, ಉಚ್ಚಾರ ತಪ್ಪಿದರೆ ತಿದ್ದಬೇಕು, ಆಕೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ಬೆರಳಿಗೆ ಗೊತ್ತಿರಬೇಕು. ಸಂಜೆ ಶೋ ನಡೆಯುವಾಗ ಪರದೆಯ ಹಿಂದೆ ನಿಂತು ಕಾಣದ ಕೋರಸ್‌ಗೆ ಸನ್ನೆ ಮಾಡುವುದೂ ಇವರ ಪಾಲಿಗೇ ಬೀಳುತ್ತದೆ. ಹೆಸರು ಬರುವ ಕೆಲಸ ಅಲ್ಲವೇ ಅಲ್ಲ. ಆದರೆ ಹೀಗೆ ಕೆಲವು ವರ್ಷ ಕಳೆದವನಿಗೆ ಒಪೆರಾ ಒಳಗಿನಿಂದ ಗೊತ್ತಾಗುತ್ತದೆ.

ಅದೇ ಆಗ್ಸ್‌ಬರ್ಗ್‌ನಲ್ಲಿ ಹುಂಪರ್‌ಡಿಂಕ್‌ನ ‘ಹೆನ್ಸೆಲ್ ಮತ್ತು ಗ್ರೇಟೆಲ್’ ನಡೆಸಿ ಕಂಡಕ್ಟರ್ ಆದರು. ಜರ್ಮನಿಯಲ್ಲಿ ಸಣ್ಣ ಊರಿಗೂ ಸರ್ಕಾರದ ದುಡ್ಡಿನಲ್ಲಿ ನಡೆಯುವ ಒಪೆರಾ ಹೌಸ್ ಇರುತ್ತದೆ, ಹಾಗಾಗಿ ಮೆಟ್ಟಿಲು ಹತ್ತುವ ದಾರಿ ಇದೆ. ಸವಾಲಿಷ್ ಒಂದು ಮೆಟ್ಟಿಲನ್ನೂ ಹಾರಲಿಲ್ಲ. 1953ರಲ್ಲಿ ಆಖೆನ್‌ಗೆ ಜನರಲ್ ಮ್ಯೂಸಿಕ್ ಡೈರೆಕ್ಟರ್ (ಊರಿನ ಒಪೆರಾ, ಆರ್ಕೆಸ್ಟ್ರಾಗಳ ಸಂಗೀತದ ಮುಖ್ಯಸ್ಥ) ಆಗಿ ಹೋದರು, ಆ ಹುದ್ದೆಯಲ್ಲಿದ್ದವರಲ್ಲಿ ಆಗ ದೇಶಕ್ಕೇ ಚಿಕ್ಕವರು. ಆಮೇಲೆ ವೀಸ್‌ಬಾಡೆನ್, ಆಮೇಲೆ ಕೊಲೋನ್. ನಡುವೆ 1957ರಲ್ಲಿ ವಾಗ್ನರ್‌ನ ಒಪೆರಾಗಳಿಗೇ ಮೀಸಲಾದ ಬೈರೊಯ್ಟ್ ಉತ್ಸವದಲ್ಲಿ ಆತನ ‘ಟ್ರಿಸ್ಟಾನ್’ ನಡೆಸಿದರು. 1961ರಲ್ಲಿ ಅಲ್ಲೇ ‘ಟಾನ್‌ಹೊಯ್ಸರ್’ನಲ್ಲಿ ಅಮೆರಿಕದ ಕಪ್ಪು ಗಾಯಕಿ ಗ್ರೇಸ್ ಬಂಬ್ರಿ ವೀನಸ್ ಪಾತ್ರ ಹಾಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತಲ್ಲ, ಆಗ ಪಿಟ್‌ನಲ್ಲಿ, ಅಂದರೆ ವೇದಿಕೆಯ ಕೆಳಗೆ ಆರ್ಕೆಸ್ಟ್ರಾ ಕೂರುವ ಜಾಗದಲ್ಲಿ, ನಿಂತು ನಡೆಸುತ್ತಿದ್ದವರು ಸವಾಲಿಷ್ ಅವರೇ. ಅರವತ್ತರ ದಶಕದಲ್ಲಿ ವಿಯೆನ್ನಾ ಸಿಂಫನಿ, ಹ್ಯಾಂಬರ್ಗ್ ಫಿಲ್‌ಹಾರ್ಮೋನಿಕ್ ಎರಡನ್ನೂ ಒಟ್ಟಿಗೇ ನೋಡಿಕೊಂಡರು. 1971ರಲ್ಲಿ ತವರಿಗೆ ಮರಳಿದರು: ಮ್ಯೂನಿಕ್‌ನ ಬವೇರಿಯನ್ ಸ್ಟೇಟ್ ಒಪೆರಾ, 1992ರವರೆಗೆ, ಕೊನೆಯ ಹತ್ತು ವರ್ಷ ಸಂಗೀತದ ಜೊತೆ ಇಡೀ ಸಂಸ್ಥೆಯ ಆಡಳಿತವನ್ನೂ ಹೊತ್ತುಕೊಂಡು.

ಇನ್ನು ಹೆಸರಿನ ವಿಷಯ. ವಿಮರ್ಶಕರು ಇವರನ್ನು ‘ಪ್ರೊಫೆಸರ್ ಥರ’ ಅಂತ ಬರೆಯುತ್ತಿದ್ದರು. ಕೈ ಬೀಸಿ ನಾಟಕ ಮಾಡುತ್ತಿರಲಿಲ್ಲ, ಕಣ್ಣು ಮುಚ್ಚಿ ತಲೆ ಕೊಡವುತ್ತಿರಲಿಲ್ಲ. ಹಾಗಂತ ಒಣ ಸಂಗೀತ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಕೆಲವು ನಿಧಾನದ ಭಾಗಗಳಲ್ಲಿ ಇನ್ನೂ ಸ್ವಲ್ಪ ತಡೆದು ನಿಲ್ಲಬಾರದಿತ್ತೇ ಅನಿಸುವುದುಂಟು, ನಿಜ. ಆದರೆ ಪ್ರತಿ ವಾದ್ಯದ ಸಾಲೂ ಬೇರೆಬೇರೆಯಾಗಿ ಕಿವಿಗೆ ಬೀಳುವ ಹಾಗೆ ನುಡಿಸಿಸುವುದು ಚಿಕ್ಕ ಮಾತಲ್ಲ. ಅದಕ್ಕೇ ಇರಬೇಕು, ನಿಮಗೆ ಶೂಮನ್ ಹಿಡಿಸಿದ್ದು. ಆತನ ಆರ್ಕೆಸ್ಟ್ರಾ ಬರವಣಿಗೆ ದಪ್ಪ, ವಾದ್ಯಗಳು ಒಂದರ ಮೇಲೊಂದು ಬೀಳುತ್ತವೆ ಅಂತ ಹಳೇ ದೂರು. ಡ್ರೆಸ್ಡೆನ್‌ನ ಸ್ಟಾಟ್ಸ್‌ಕಪೆಲ್ಲೆ ಆರ್ಕೆಸ್ಟ್ರಾ ಜೊತೆ 1972ರಲ್ಲಿ ಮಾಡಿದ ಈ ರೆಕಾರ್ಡಿಂಗ್ ಕೇಳಿದರೆ ಆ ದೂರು ನೆನಪಿಗೇ ಬರುವುದಿಲ್ಲ.

ಪ್ರಶ್ನೆ: ಒಪೆರಾ ನಡೆಸುವುದಕ್ಕೂ ಬರೀ ಆರ್ಕೆಸ್ಟ್ರಾ ನಡೆಸುವುದಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ? ಎರಡೂ ಕೈಯಾಡಿಸುವುದೇ ತಾನೇ?

ಉತ್ತರ: ಇದೆ, ಜಾಸ್ತಿಯೇ ಇದೆ. ಸಿಂಫನಿಯಲ್ಲಿ ಎಲ್ಲರೂ ನಿಮ್ಮ ಕಣ್ಣೆದುರೇ ಕೂತಿರುತ್ತಾರೆ, ಎಲ್ಲರ ಮುಂದೆಯೂ ನೋಟ್ಸ್ ಇರುತ್ತದೆ. ಒಪೆರಾದಲ್ಲಿ ವಾದ್ಯದವರು ಕೆಳಗೆ ಪಿಟ್‌ನಲ್ಲಿ, ಗಾಯಕರು ಮೇಲೆ, ಅವರು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು, ಭಾರದ ಬಟ್ಟೆ ಹಾಕಿಕೊಂಡು, ಓಡಾಡುತ್ತಾ ಹಾಡುತ್ತಾರೆ. ಒಬ್ಬರು ನಾಲ್ಕು ಸಾಲು ಮರೆತು ಮುಂದಕ್ಕೆ ಹಾರಿದರು ಅಂದುಕೊಳ್ಳಿ. ಕಂಡಕ್ಟರ್ ಆ ಕ್ಷಣದಲ್ಲೇ ಇಡೀ ಆರ್ಕೆಸ್ಟ್ರಾವನ್ನು ಅಲ್ಲಿಗೆ ಹಾರಿಸಬೇಕು, ಸಭಿಕರಿಗೆ ಗೊತ್ತಾಗಬಾರದು. ಜೊತೆಗೆ ಜರ್ಮನ್ ಹೌಸ್‌ಗಳಲ್ಲಿ ಇವತ್ತೊಂದು ಒಪೆರಾ, ನಾಳೆ ಇನ್ನೊಂದು. ಹಳೆಯ ಪ್ರದರ್ಶನಗಳಿಗೆ ಆರ್ಕೆಸ್ಟ್ರಾ ರಿಹರ್ಸಲ್ ಸಿಗದೇ ಇರುವುದೂ ಉಂಟು. ಕಾಯಿಲೆ ಬಿದ್ದವರ ಬದಲು ಅದೇ ದಿನ ಮಧ್ಯಾಹ್ನ ಕರೆ ಬಂದು, ಸಂಜೆಗೆ ಹೋಗಿ ನಿಂತು ಹೆಸರು ಮಾಡಿದ ಕಂಡಕ್ಟರ್‌ಗಳು ಬೇಕಾದಷ್ಟು.

ಪ್ರಶ್ನೆ: ಇಷ್ಟು ವರ್ಷ ಒಪೆರಾದಲ್ಲಿದ್ದವರು ಅಮೆರಿಕಕ್ಕೆ ಯಾಕೆ ಹೋದರು? ಪಿಯಾನೊ ಆಮೇಲೆ ಬಿಟ್ಟೇಬಿಟ್ಟರಾ?

ಉತ್ತರ: ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಕರೆಯಿತು. 1993ರಲ್ಲಿ ಇಟಲಿಯ ಕಂಡಕ್ಟರ್ ಮುತಿ ಅವರ ಜಾಗಕ್ಕೆ ಬಂದರು, ಆಗ ವಯಸ್ಸು ಎಪ್ಪತ್ತು. 2003ರವರೆಗೆ ಇದ್ದರು. ಮ್ಯೂನಿಕ್‌ನಲ್ಲಿ ಆಡಳಿತ, ಬಜೆಟ್, ಜಗಳ ಎಲ್ಲ ನೋಡಿದ ಮೇಲೆ ಸಂಗೀತವೊಂದನ್ನೇ ನೋಡಿಕೊಳ್ಳುವ ಕೆಲಸ ಹಿತವಾಗಿ ಕಂಡಿರಬಹುದು ಅಂತ ನನ್ನ ಊಹೆ.

ಪಿಯಾನೊ ಬಿಡಲೇ ಇಲ್ಲ. ಫಿಷರ್-ಡೀಸ್ಕಾವ್, ಶ್ವಾರ್ಟ್ಸ್‌ಕಾಫ್‌ರಂಥ ಗಾಯಕರಿಗೆ ಜೊತೆಯಾಗಿ ನುಡಿಸಿದವರು ಅವರು. 1994ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಭಾರೀ ಹಿಮ ಬಿತ್ತು. ಅವತ್ತು ವಾಗ್ನರ್ ಕಾರ್ಯಕ್ರಮ ಇತ್ತು. ಗಾಯಕರು ಊರಲ್ಲೇ ಇದ್ದರು, ಆದರೆ ವಾದ್ಯದವರು ಬಂದು ಸೇರಲು ಆಗಲಿಲ್ಲ. ಸವಾಲಿಷ್ ಬಾಗಿಲು ತೆರೆಸಿ, ಬಂದವರಿಗೆಲ್ಲ ಟಿಕೆಟ್ ಇಲ್ಲದೇ ಪ್ರವೇಶ ಕೊಡಿಸಿ, ತಾವೇ ಪಿಯಾನೊ ಮುಂದೆ ಕೂತು ಆರ್ಕೆಸ್ಟ್ರಾದ ಪಾಲನ್ನು ನುಡಿಸಿದರು. ‘ಟಾನ್‌ಹೊಯ್ಸರ್’ನ ಭಾಗಗಳು, ‘ವಾಲ್ಕ್ಯೂರೆ’ಯ ಮೊದಲ ಅಂಕ, ಅದೇ ಒಂದು ಗಂಟೆಗಿಂತ ಜಾಸ್ತಿ! ಆಗ್ಸ್‌ಬರ್ಗ್‌ನ ಕೆಲಸ ಎಪ್ಪತ್ತನೇ ವಯಸ್ಸಿನಲ್ಲಿ ಉಪಯೋಗಕ್ಕೆ ಬಂತು ನೋಡಿ.

ಪ್ರಶ್ನೆ: ಶೂಮನ್ ಆದ ಮೇಲೆ ಏನು ಕೇಳಲಿ?

ಉತ್ತರ: 1972ರ ಮ್ಯೂನಿಕ್‌ನ ‘ಮ್ಯಾಜಿಕ್ ಫ್ಲೂಟ್’ ಹಾಕಿ, ಮೋಟ್ಸಾರ್ಟ್‌ನ ಒಪೆರಾ. ಅದರಲ್ಲಿ ಎಡಾ ಮೋಸರ್ ಹಾಡಿದ, ‘ರಾತ್ರಿಯ ರಾಣಿ’ ಎಂಬ ಪಾತ್ರದ ಹಾಡನ್ನೇ 1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಯ ಚಿನ್ನದ ತಟ್ಟೆಗೆ, ಅಂದರೆ ಭೂಮಿಯ ಸಂಗೀತ ತುಂಬಿದ ರೆಕಾರ್ಡಿಗೆ, ಆರಿಸಿದರು. ನಮ್ಮ ಕೇಸರಬಾಯಿ ಕೇರ್ಕರ್ ಹಾಡಿರುವುದೂ ಅದೇ ತಟ್ಟೆಯಲ್ಲೇ. ಆಮೇಲೆ ರಿಚರ್ಡ್ ಸ್ಟ್ರಾಸ್‌ನ ಒಪೆರಾ ‘ಕಪ್ರಿಚ್ಚೊ’, ಶ್ವಾರ್ಟ್ಸ್‌ಕಾಫ್ ಇರುವ ಐವತ್ತರ ದಶಕದ ರೆಕಾರ್ಡಿಂಗ್. ಇದರಲ್ಲಿ ಮಾತು ಜಾಸ್ತಿ, ಸಾಹಿತ್ಯವನ್ನು ಪಕ್ಕದಲ್ಲಿಟ್ಟುಕೊಳ್ಳದೇ ಕೂತರೆ ಬೇಜಾರಾಗುತ್ತದೆ. ವಾಗ್ನರ್‌ಗೆ ಈಗಲೇ ಕೈ ಹಾಕಬೇಡಿ, ಹಾಕಲೇಬೇಕು ಅನಿಸಿದರೆ ಬೈರೊಯ್ಟ್‌ನ ‘ಫ್ಲೈಯಿಂಗ್ ಡಚ್‌ಮ್ಯಾನ್’ನಿಂದ ಶುರು ಮಾಡಿ, ಉಳಿದವುಗಳಿಗಿಂತ ಅದು ಚಿಕ್ಕದು.